ಸಾಕಾಗುವಷ್ಟಿದ್ದರೆ ಸಾಕು: ಆಡಂ ಆಸ್ಬೋರ್ನ್ ಎಂಬ ಅಗ್ಗದ ಕಂಪ್ಯೂಟರಿನ ಮನುಷ್ಯ

ಹೊಸ ಬ್ಯಾಚ್ ಬಂತಂದ್ರೆ ಕನ್ನಡ ಸಂಘಕ್ಕೆ ಬರೋ ಮೊದಲ ಪ್ರಶ್ನೆ ಸಾಹಿತ್ಯದ್ದಲ್ಲ, ಲ್ಯಾಪ್‌ಟಾಪಿನದ್ದು. ಎಷ್ಟರೊಳಗೆ ತಗೋಬೇಕು? 8 ಜಿಬಿ ಸಾಕೋ, 16 ಬೇಕೋ? ಈಗಲೇ ತಗೊಳ್ಳೋದೋ, ದೀಪಾವಳಿ ಆಫರ್‌ಗೆ ಕಾಯೋದೋ? ಪ್ರಶ್ನೆ ಸಣ್ಣದೇನಲ್ಲ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಕಡೆಯ ಎಷ್ಟೋ ಮನೆಗಳಲ್ಲಿ ಈ ದುಡ್ಡು ಕೈಗೆ ಬರೋದು ಮೆಣಸಿನಕಾಯಿ ಚೀಲ ಮಾರ್ಕೆಟ್ಟಿಗೆ ಹೋದ ಮೇಲೆ, ಇಲ್ಲಾ ಗೋವಿನಜೋಳದ ಪಟ್ಟಿ ಆದ ಮೇಲೆ. ಒಮ್ಮೆ ತಗೊಂಡ್ರೆ ನಾಲ್ಕು ವರ್ಷ ನಮ್ಮ ಓದಿಗೂ ಆಗಬೇಕು, ಮನೆಯಲ್ಲಿ ತಂಗಿಯ ಪಾಠಕ್ಕೂ ಆಗಬೇಕು, ಅಪ್ಪನಿಗೆ ಪಹಣಿ ತೆಗೆಯೋದಕ್ಕೂ ಆಗಬೇಕು.

ಈ ಸಲ ನಾವು ಮಾಡೆಲ್‌ಗಳ ಪಟ್ಟಿ ಕೊಡೋದಿಲ್ಲ. ಆರು ತಿಂಗಳಿಗೆ ಆ ಪಟ್ಟಿ ಹಳೇದಾಗುತ್ತೆ. ಅದರ ಬದಲು ಒಬ್ಬ ಮನುಷ್ಯನ ಕಥೆ ಹೇಳ್ತೀವಿ. ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಗೆ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಕಂಪ್ಯೂಟರ್ ಮಾಡಿ ಮಾರಿ ಮೊದಲು ಗೆದ್ದವನು ಆತ. ಎರಡೂವರೆ ವರ್ಷದೊಳಗೆ ಎಲ್ಲಾ ಕಳೆದುಕೊಂಡವನೂ ಆತನೇ. ಹೆಸರು ಆಡಂ ಆಸ್ಬೋರ್ನ್. ಕಂಪ್ಯೂಟರ್ ಇತಿಹಾಸದಲ್ಲಿ ಅಮೆರಿಕದವನಂತೆ ಕಾಣುವ ಈತ ಬೆಳೆದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ, ತೀರಿಕೊಂಡದ್ದೂ ಅಲ್ಲೇ.

ತಿರುವಣ್ಣಾಮಲೈಯ ಹುಡುಗ

ಆಡಂ ಹುಟ್ಟಿದ್ದು 1939ರ ಮಾರ್ಚ್ 6ರಂದು, ಬ್ಯಾಂಕಾಕಿನಲ್ಲಿ. ತಂದೆ ಆರ್ಥರ್ ಆಸ್ಬೋರ್ನ್ ಇಂಗ್ಲಿಷಿನವರು, ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ತಾಯಿ ಲೂಸಿಯಾ ಪೋಲೆಂಡಿನವರು. ಎರಡನೇ ಮಹಾಯುದ್ಧ ಆ ಕಡೆಗೂ ಹಬ್ಬಿದಾಗ ತಾಯಿ ಮತ್ತು ಮಕ್ಕಳು ತಿರುವಣ್ಣಾಮಲೈಯಲ್ಲಿ, ರಮಣ ಮಹರ್ಷಿಗಳ ಆಶ್ರಮದ ಪಕ್ಕದಲ್ಲಿದ್ದರು. ತಂದೆ ಜಪಾನಿಯರ ಸೆರೆಯಲ್ಲಿ ಸಿಕ್ಕಿಬಿದ್ದರು. ಯುದ್ಧ ಮುಗಿದ ಮೇಲೆಯೇ ಅವರು ಹೆಂಡತಿ ಮಕ್ಕಳ ಮುಖ ನೋಡಿದ್ದು. ಆಮೇಲೆ ಅವರು ರಮಣರ ಜೀವನ ಚರಿತ್ರೆ ಬರೆದರು, ಆಶ್ರಮದ ಮೌಂಟನ್ ಪಾತ್ ಪತ್ರಿಕೆಯನ್ನೂ ಶುರುಮಾಡಿದರು.

ಹುಡುಗ ಕೊಡೈಕೆನಾಲ್‌ನ ಕಾನ್ವೆಂಟ್ ಶಾಲೆಯಲ್ಲಿ ಓದಿದ. ಹನ್ನೊಂದು ವರ್ಷದವನಿದ್ದಾಗ, 1950ರಲ್ಲಿ, ಇಂಗ್ಲೆಂಡಿಗೆ ಹೋದ. 1961ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಕೆಮಿಕಲ್ ಎಂಜಿನಿಯರಿಂಗ್ ಪದವಿ. ಅಲ್ಲಿಂದ ಅಮೆರಿಕ, ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪ್ರೋಗ್ರಾಮಿಂಗ್ ಕಲಿತದ್ದು ಆ ಸಂಶೋಧನೆಯ ಹೊತ್ತಿಗೇ. ನಮ್ಮಲ್ಲಿ ಸಿವಿಲ್, ಮೆಕ್ಯಾನಿಕಲ್ ಓದುತ್ತಾ ಕೋಡಿಂಗ್ ನಮ್ಮದಲ್ಲ ಅನ್ನೋರು ಇದ್ದಾರಲ್ಲ, ಅವರು ಈ ಸಾಲನ್ನ ಇನ್ನೊಮ್ಮೆ ಓದ್ರಿ.

ಪುಸ್ತಕ ಬರೆದ ಎಂಜಿನಿಯರ್

ಓದು ಮುಗಿದ ಮೇಲೆ ಶೆಲ್ ತೈಲ ಕಂಪನಿಯಲ್ಲಿ ಕೆಲಸ ಸಿಕ್ಕಿತು. ದೊಡ್ಡ ಕಂಪನಿಯ ಶಿಸ್ತಿಗೂ ಆತನ ಸ್ವಭಾವಕ್ಕೂ ಹೊಂದಲಿಲ್ಲ. 1970ರ ದಶಕದ ಮೊದಲಲ್ಲೇ ಕೆಲಸ ಬಿಟ್ಟು ಕಂಪ್ಯೂಟರ್ ಕಂಪನಿಗಳಿಗೆ ಕೈಪಿಡಿ ಬರೆದುಕೊಡಲು ಶುರುಮಾಡಿದ. ಮೈಕ್ರೊಪ್ರೊಸೆಸರ್ ಆಗ ತಾನೇ ಹುಟ್ಟಿತ್ತು. ಚಿಪ್ ಮಾಡೋರಿದ್ದರು, ಆದರೆ ಅದನ್ನ ಸಾಮಾನ್ಯ ಓದುಗರಿಗೆ ಬಿಡಿಸಿ ಹೇಳೋರು ಕಮ್ಮಿ. ಆಡಂ ಮೈಕ್ರೊಕಂಪ್ಯೂಟರ್‌ಗಳ ಪರಿಚಯ ಮಾಡಿಕೊಡುವ ಒಂದು ಪುಸ್ತಕ ಬರೆದ. ಪ್ರಕಾಶಕರು ಬೇಡ ಅಂದರು. 1975ರಲ್ಲಿ ತಾನೇ ಅಚ್ಚು ಹಾಕಿಸಿದ. ಕ್ಯಾಲಿಫೋರ್ನಿಯಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಹೊತ್ತುಕೊಂಡು ಹೋಗಿ ಮಾರುತ್ತಿದ್ದ. ಪುಸ್ತಕ ಲಕ್ಷಗಟ್ಟಲೆ ಹೋಯಿತು. ಒಂದರ ಹಿಂದೆ ಒಂದು ಪುಸ್ತಕ ಬಂದು, 1979ರಲ್ಲಿ ಆತನ ಪ್ರಕಾಶನವನ್ನೇ ಮೆಗ್ರಾ ಹಿಲ್ ಸಂಸ್ಥೆ ಕೊಂಡುಕೊಂಡಿತು. ನಮ್ಮ ಲೈಬ್ರರಿಯ ಎಷ್ಟೋ ಪಠ್ಯಪುಸ್ತಕಗಳ ಬೆನ್ನ ಮೇಲಿರೋದು ಇದೇ ಹೆಸರು.

ಇದರ ಜೊತೆಗೆ ಕಂಪ್ಯೂಟರ್ ಪತ್ರಿಕೆಗಳಲ್ಲಿ ಅಂಕಣ. ಕಂಪನಿಗಳು ಹೇಳಿದ್ದೊಂದು ಮಾಡಿದ್ದೊಂದು ಅಂತ ಮುಲಾಜಿಲ್ಲದೆ ಬರೆಯುತ್ತಿದ್ದ. ಸುಮ್ಮನೆ ಟೀಕೆ ಮಾಡ್ತೀಯ, ನೀನೇ ಒಂದು ಮಾಡಿ ತೋರಿಸು ಅನ್ನೋ ಮಾತು ಯಾವ ವಿಮರ್ಶಕನಿಗೂ ತಪ್ಪಿದ್ದಲ್ಲ. ಈತ ನಿಜವಾಗಲೂ ಮಾಡಿ ತೋರಿಸಿದ.

11 ಕೆಜಿಯ ಪೆಟ್ಟಿಗೆ

ಆಗ ಕಂಪ್ಯೂಟರ್ ಕೊಳ್ಳೋದು ಮನೆ ಕಟ್ಟಿಸಿದ ಹಾಗೆ. ಯಂತ್ರಕ್ಕೊಂದು ಬೆಲೆ, ಪರದೆಗೊಂದು, ಡಿಸ್ಕ್ ಡ್ರೈವಿಗೊಂದು, ಆಮೇಲೆ ಒಂದೊಂದು ಸಾಫ್ಟ್‌ವೇರಿಗೂ ಬೇರೆ ಬೇರೆ. ಎಲ್ಲ ಕೂಡಿಸಿದಾಗ ಅಂಗಡಿಯ ಬೋರ್ಡಿನ ಮೇಲಿದ್ದ ಬೆಲೆ ಎಲ್ಲೋ ಹೋಗಿರುತ್ತಿತ್ತು. ಆಡಂನ ಯೋಚನೆ ಸರಳ: ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಒಂದೇ ಬೆಲೆ ಹೇಳಬೇಕು, ಮತ್ತು ಆ ಪೆಟ್ಟಿಗೆ ವಿಮಾನದ ಸೀಟಿನ ಕೆಳಗೆ ಹಿಡಿಸಬೇಕು. ಅತ್ಯುತ್ತಮ ಆಗಬೇಕಿಲ್ಲ, ಸಾಕಾಗುವಷ್ಟಿದ್ದರೆ ಸಾಕು. ಇದೇ ಆತನ ಸಿದ್ಧಾಂತ.

ಹೋಮ್‌ಬ್ರೂ ಕ್ಲಬ್ಬಿನ ಸಭೆಗಳನ್ನು ನಡೆಸುತ್ತಿದ್ದ ಲೀ ಫೆಲ್ಸೆನ್‌ಸ್ಟೈನ್ ಯಂತ್ರದ ವಿನ್ಯಾಸ ಮಾಡಿದರು. 1981ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಳದಲ್ಲಿ ಆಸ್ಬೋರ್ನ್ 1 ಹೊರಗೆ ಬಂತು. ಝಡ್80 ಪ್ರೊಸೆಸರ್, 64 ಕೆಬಿ ಮೆಮೊರಿ, ಎರಡು ಫ್ಲಾಪಿ ಡ್ರೈವ್, ನಡುವೆ 5 ಇಂಚಿನ ಪರದೆ. ಮುಚ್ಚಳವೇ ಕೀಬೋರ್ಡ್. ಮುಚ್ಚಿದರೆ ಹೊಲಿಗೆ ಯಂತ್ರದ ಪೆಟ್ಟಿಗೆ ಇದ್ದಂಗೆ. ತೂಕ ಸುಮಾರು 11 ಕೆಜಿ. ಒಳಗೆ ಬ್ಯಾಟರಿ ಇಲ್ಲ, ಎಲ್ಲಿ ಹೋದರೂ ಪ್ಲಗ್ ಹುಡುಕಬೇಕು. ಇವತ್ತು ನಾವು ಕಮ್ಮಿ ಅಂತ ಮೂಗು ಮುರಿಯೋ 8 ಜಿಬಿ ರ್‍ಯಾಮ್ ಇದೆಯಲ್ಲ, ಅದು ಆಸ್ಬೋರ್ನ್ 1ರ ಮೆಮೊರಿಯ 1,31,072 ಪಟ್ಟು. ಪರದೆಯಂತೂ ನಮ್ಮ ಜೇಬಿನಲ್ಲಿರೋ ಮೊಬೈಲಿಗಿಂತ ಸಣ್ಣದು.

ಆದರೆ ಬೆಲೆ ನೋಡ್ರಿ: 1795 ಡಾಲರ್. ಆಗಿನ ವಿನಿಮಯ ದರದಲ್ಲಿ ಹದಿನೈದು ಹದಿನಾರು ಸಾವಿರ ರೂಪಾಯಿ. ಅದರೊಳಗೆ ಪತ್ರ ಬರೆಯಲು ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಪ್ರೋಗ್ರಾಮಿಂಗಿಗೆ ಎರಡು ಬಗೆಯ ಬೇಸಿಕ್ ಎಲ್ಲ ಸೇರಿಸಿಯೇ ಕೊಟ್ಟಿದ್ದ. ಬಿಡಿಯಾಗಿ ಕೊಂಡರೆ ಸಾಫ್ಟ್‌ವೇರಿಗೇ ಸುಮಾರು 1500 ಡಾಲರ್ ಆಗುತ್ತಿತ್ತು. ನಾಲ್ಕು ತಿಂಗಳ ನಂತರ ಬಂದ ಐಬಿಎಂ ಪಿಸಿಯ ಬೆಲೆ ಪರದೆ, ಡಿಸ್ಕ್ ಡ್ರೈವ್ ಯಾವುದೂ ಇಲ್ಲದೆ 1565 ಡಾಲರ್ ಇತ್ತು. ಮಡಚುವ ಪರದೆಯ ಗ್ರಿಡ್ ಕಂಪಾಸ್ 1982ರಲ್ಲಿ ಬಂದಾಗ ಅದರ ಬೆಲೆ 8 ಸಾವಿರ ಡಾಲರ್ ದಾಟಿತ್ತು. ಇಷ್ಟು ಕಮ್ಮಿಗೆ ಕೊಡೋದು ಹೇಗೆ ಸಾಧ್ಯ ಆಯ್ತು ಅಂದ್ರೆ, ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗೋ ಬಿಡಿಭಾಗಗಳನ್ನೇ ಹಾಕಿದರು, ಸಾಫ್ಟ್‌ವೇರ್ ಕಂಪನಿಯ ಒಡೆಯರಿಗೆ ಪೂರ್ತಿ ಹಣದ ಬದಲು ತನ್ನ ಕಂಪನಿಯ ಷೇರು ಕೊಡುವ ದಾರಿಯನ್ನೂ ಆಡಂ ಹಿಡಿದ.

ಯಂತ್ರ ಬಿಸಿ ಮಿರ್ಚಿಯಂತೆ ಖರ್ಚಾಯಿತು. ಒಳ್ಳೆ ದಿನಗಳಲ್ಲಿ ತಿಂಗಳಿಗೆ 10,000 ಪೆಟ್ಟಿಗೆ ಹೋದದ್ದೂ ಉಂಟು. ಬಳಸುವವರೇ ಸೇರಿ ಕಟ್ಟಿಕೊಂಡ ಫಸ್ಟ್ ಆಸ್ಬೋರ್ನ್ ಗ್ರೂಪ್ ಎಂಬ ಬಳಗ ಊರೂರಲ್ಲಿ ಬೆಳೆಯಿತು.

ಮುಂದಿನ ಮಾಡೆಲ್ ತಂದ ಕಷ್ಟ

ಗೆದ್ದ ದಾರಿಯಲ್ಲಿ ಬೇರೆಯವರೂ ಬರ್ತಾರೆ. 1982ರಲ್ಲಿ ಕೇಪ್ರೊ ಕಂಪನಿ ಅದೇ 1795 ಡಾಲರಿಗೆ, ಅದೇ ರೀತಿ ಸಾಫ್ಟ್‌ವೇರ್ ಸೇರಿಸಿ, 9 ಇಂಚಿನ ಪರದೆಯ ಯಂತ್ರ ತಂದಿತು. ಆಸ್ಬೋರ್ನ್ 1ರ ಪರದೆಯಲ್ಲಿ ಒಂದು ಸಾಲಿಗೆ 52 ಅಕ್ಷರ ಮಾತ್ರ. ಪೂರ್ತಿ ಸಾಲು ಓದಬೇಕಂದ್ರೆ ಪಕ್ಕಕ್ಕೆ ಸರಿಸುತ್ತಾ ಕೂರಬೇಕು. ಕೇಪ್ರೊದಲ್ಲಿ 80 ಅಕ್ಷರ, ಸಾಲು ಪೂರ್ತಿ ಕಾಣುತ್ತೆ. ಇನ್ನೊಂದು ಕಡೆ ಐಬಿಎಂ ಪಿಸಿಯ ಪ್ರೋಗ್ರಾಮುಗಳನ್ನೇ ನಡೆಸುವ ಕಾಂಪ್ಯಾಕ್ ಪೋರ್ಟಬಲ್ ಬಂತು. ಆಡಂನ ಯಂತ್ರ ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನದು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಎಲ್ಲರಿಗೂ ಗೊತ್ತಾಗತೊಡಗಿತು.

1983ರ ಮೊದಲಲ್ಲಿ ಆಡಂ ತನ್ನ ಹೊಸ ಮಾಡೆಲ್ ಎಕ್ಸಿಕ್ಯುಟಿವ್ ಬಗ್ಗೆ ಪತ್ರಕರ್ತರ ಮುಂದೆ ಹೇಳಿಕೊಂಡ. 7 ಇಂಚಿನ ಪರದೆ, 80 ಅಕ್ಷರದ ಸಾಲು, 128 ಕೆಬಿ ಮೆಮೊರಿ, ಬೆಲೆ 2495 ಡಾಲರ್. ಯಂತ್ರ ಅಂಗಡಿಗೆ ಬರುವ ಮೊದಲೇ ಸುದ್ದಿ ಬಂತು. ಹೊಸದು ಬರ್ತದಂತ ಗೊತ್ತಾದ ಮೇಲೆ ಹಳೇದನ್ನ ಯಾರು ಕೊಳ್ತಾರೆ? ವ್ಯಾಪಾರಿಗಳು ಆರ್ಡರ್ ನಿಲ್ಲಿಸಿದರು. ಗೋದಾಮಿನಲ್ಲಿ ಆಸ್ಬೋರ್ನ್ 1 ಉಳಿಯಿತು, ಬೆಲೆ ಇಳಿಸಿದರೂ ಕೈಗೆ ನಗದು ಬರಲಿಲ್ಲ. 1983ರ ಸೆಪ್ಟೆಂಬರ್ 13ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು.

ಮುಂದಿನ ಸರಕನ್ನು ಬೇಗ ಘೋಷಿಸಿ ಇವತ್ತಿನ ವ್ಯಾಪಾರ ಕೆಡಿಸಿಕೊಳ್ಳೋದಕ್ಕೆ ಇವತ್ತಿಗೂ ಆಸ್ಬೋರ್ನ್ ಎಫೆಕ್ಟ್ ಅಂತಲೇ ಹೆಸರು. ಎಂಬಿಎ ತರಗತಿಗಳಲ್ಲಿ ಇದು ಪಾಠ. ಕಂಪನಿ ಮುಳುಗಿದ್ದು ಆ ಒಂದು ಮಾತಿನಿಂದಲೇ ಅಲ್ಲ ಅಂತ ವಾದಿಸುವವರೂ ಇದ್ದಾರೆ. ಲೆಕ್ಕಪತ್ರದ ಅವ್ಯವಸ್ಥೆ, ಹಿಡಿತಕ್ಕೆ ಸಿಗದ ಖರ್ಚು, ಕೇಪ್ರೊದ ದೊಡ್ಡ ಪರದೆ, ಐಬಿಎಂ ಗಾಳಿ ಎಲ್ಲವೂ ಸೇರಿದ್ದವು. ನಮಗೂ ಹಾಗೇ ಅನ್ನಿಸುತ್ತೆ. ಒಂದೇ ಕಂಬ ಬಿದ್ದು ಮನೆ ಬೀಳಬೇಕಂದ್ರೆ ಉಳಿದ ಕಂಬಗಳೂ ಮೊದಲೇ ಅಲುಗಾಡುತ್ತಿರಬೇಕು.

ಮತ್ತೆ ಕಮ್ಮಿ ಬೆಲೆ, ಮತ್ತೆ ಸೋಲು

ಬಿದ್ದವನು ಸುಮ್ಮನೆ ಕೂರಲಿಲ್ಲ. ಕಂಪನಿಯ ಏಳುಬೀಳಿನ ಬಗ್ಗೆ ಪುಸ್ತಕ ಬರೆದ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಅಂತ ಇನ್ನೊಂದು ಕಂಪನಿ ತೆರೆದ. ಹೆಸರೇ ಹೇಳುವಂತೆ ಸಾಫ್ಟ್‌ವೇರ್ ಕೂಡ ಅಗ್ಗದ ಪುಸ್ತಕದಂತೆ ಸಿಗಬೇಕು ಅನ್ನೋದು ಆಸೆ. ಆಗ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ 495 ಡಾಲರಿಗೆ ಮಾರುತ್ತಿತ್ತು. ಅದರಂತೆಯೇ ಕೆಲಸ ಮಾಡುವ ವಿಪಿ ಪ್ಲಾನರ್ ಅನ್ನು ಈತ 100 ಡಾಲರಿನೊಳಗೆ ಕೊಟ್ಟ. 1987ರಲ್ಲಿ ಲೋಟಸ್ ಕೋರ್ಟಿಗೆ ಹೋಯಿತು. ಕೋಡ್ ಕದ್ದ ಅಂತಲ್ಲ, ಮೆನುಗಳು, ಆಜ್ಞೆಗಳ ಜೋಡಣೆ ತಮ್ಮದರಂತಿದೆ ಅನ್ನೋದು ದೂರು. 1990ರಲ್ಲಿ ತೀರ್ಪು ಲೋಟಸ್ ಪರವಾಗಿ ಬಂತು. ಆಡಂ ಕಂಪನಿ ಬಿಟ್ಟ.

ವಿಚಿತ್ರ ಅಂದ್ರೆ, ಇದೇ ಥರದ ಇನ್ನೊಂದು ಮೊಕದ್ದಮೆ ಲೋಟಸ್ ಬೋರ್ಲ್ಯಾಂಡ್ ಮೇಲೆ ಹಾಕಿತ್ತು. ಅಲ್ಲಿ 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಮೆನುವಿನ ಆಜ್ಞೆಗಳ ಮೇಲೆ ಕಾಪಿರೈಟ್ ನಡೆಯೋದಿಲ್ಲ ಅಂತ ಹೇಳಿತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಸಮಸಮ ಹಂಚಿಹೋದ್ದರಿಂದ ಆ ತೀರ್ಪೇ ಉಳಿಯಿತು. ಆಡಂಗೆ ಅದರಿಂದ ಏನೂ ಸಿಗಲಿಲ್ಲ, ಆತನ ಕಂಪನಿ ಹೋಗಿಯಾಗಿತ್ತು. ಆದರೆ ಇವತ್ತು ನಾವು ಒಂದು ಆಫೀಸ್ ಸಾಫ್ಟ್‌ವೇರ್ ಕಲಿತು ಇನ್ನೊಂದರಲ್ಲಿ ಸರಾಗವಾಗಿ ಕೆಲಸ ಮಾಡ್ತೀವಲ್ಲ, ಆ ದಾರಿ ತೆರೆದದ್ದು ಇಂಥ ಜಗಳಗಳಿಂದ.

ಅಷ್ಟರಲ್ಲಿ ಆರೋಗ್ಯ ಕೆಟ್ಟಿತು. ಮೇಲಿಂದ ಮೇಲೆ ಸಣ್ಣ ಪಾರ್ಶ್ವವಾಯುಗಳು, ಮಿದುಳಿನ ಕಾಯಿಲೆ. 1990ರ ದಶಕದಲ್ಲಿ ಭಾರತಕ್ಕೆ, ಕೊಡೈಕೆನಾಲ್‌ನಲ್ಲಿದ್ದ ಸಹೋದರಿಯ ಆಸರೆಗೆ ಬಂದ. 2003ರ ಮಾರ್ಚ್ 18ರಂದು ಅಲ್ಲೇ ತೀರಿಕೊಂಡ. ವಯಸ್ಸು 64.

ನಮ್ಮ ಅಂಗಡಿ ಬಾಗಿಲಲ್ಲಿ ಆಡಂ

ಆಡಂ ಕಂಡ ಕನಸು ನಮ್ಮ ರಾಜ್ಯಕ್ಕೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎಂಜಿನಿಯರುಗಳು 2001ರಲ್ಲಿ ಸಿಂಪ್ಯೂಟರ್ ತೋರಿಸಿದರು. ಸುಮಾರು 9 ಸಾವಿರ ರೂಪಾಯಿಗೆ, ಲಿನಕ್ಸ್ ಮೇಲೆ ನಡೆಯುವ, ಕೈಯಲ್ಲಿ ಹಿಡಿಯುವ, ಹಳ್ಳಿಯವರಿಗೂ ಸಿಗಬೇಕಾದ ಕಂಪ್ಯೂಟರ್. 2004ರಲ್ಲಿ ಮಾರುಕಟ್ಟೆಗೂ ಬಂತು, ಆದರೆ ಅಂದುಕೊಂಡಷ್ಟು ಜನರಿಗೆ ಮುಟ್ಟಲಿಲ್ಲ. ಅಗ್ಗದ ಯಂತ್ರ ಮಾಡೋದು ಅರ್ಧ ಕೆಲಸ, ಅದು ಬಳಸೋರ ಕೈಗೆ ಸೇರಿ ಅಲ್ಲಿ ಬಾಳೋದು ಇನ್ನರ್ಧ.

ಹಾಗಾದ್ರೆ ನಾವು ಕಲಿಯೋದೇನು? ಒಂದು, ಬೋರ್ಡಿನ ಬೆಲೆ ನೋಡಬ್ಯಾಡ್ರಿ, ಒಟ್ಟು ಬೆಲೆ ನೋಡ್ರಿ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಮಾಡೆಲ್ ನಾಲ್ಕು ಸಾವಿರ ಕಮ್ಮಿ ಕಂಡರೆ, ಆಮೇಲೆ ಏನು ಹಾಕಿಸ್ತೀರಿ ಅಂತ ಮೊದಲೇ ಲೆಕ್ಕ ಹಾಕ್ರಿ. ಉಬುಂಟು, ಲಿಬ್ರೆ ಆಫೀಸ್ ನಿಮಗೆ ಸಾಕಾದರೆ ಅದು ನಿಜವಾದ ಉಳಿತಾಯ, ಕನ್ನಡವೂ ಅದರಲ್ಲಿ ಚೆನ್ನಾಗಿಯೇ ಬರುತ್ತೆ.

ಎರಡು, ಕಣ್ಣು ಮತ್ತು ಕೈ ಸದಾ ಇರೋ ಜಾಗದಲ್ಲಿ ಜಿಪುಣತನ ಬೇಡ. ಆಡಂ ಸೋತದ್ದರಲ್ಲಿ ಪರದೆಯ ಪಾಲು ದೊಡ್ಡದು. ಅಂಗಡಿಯಲ್ಲೇ ಪರದೆಯನ್ನ ಓರೆಯಾಗಿ ನೋಡ್ರಿ, ಕೀಬೋರ್ಡಿನಲ್ಲಿ ನಿಮ್ಮ ಹೆಸರು ನಾಲ್ಕು ಸಲ ಟೈಪ್ ಮಾಡ್ರಿ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ. ಮನೆಬಳಕೆಗೆ, ಬರಹಕ್ಕೆ, ಸಣ್ಣ ಪ್ರೋಗ್ರಾಮಿಗೆ 8 ಜಿಬಿ ನಡೆಯುತ್ತೆ. ವರ್ಚುವಲ್ ಮಷೀನ್, ದೊಡ್ಡ ಕ್ಯಾಡ್ ಫೈಲ್ ಇದ್ದರೆ 16 ಬೇಕು. ಈಗ 8 ತಗೊಂಡರೂ ಮುಂದೆ ರ್‍ಯಾಮ್ ಸೇರಿಸೋ ಸ್ಲಾಟ್ ಇದೆಯೋ, ಬೋರ್ಡಿಗೇ ಬೆಸುಗೆ ಹಾಕಿದ್ದಾರೋ ಅಂತ ಕೇಳ್ರಿ.

ಮೂರು, ಕಂಪನಿ ಮುಳುಗಿದ ಮೇಲೂ ಆಸ್ಬೋರ್ನ್ ಪೆಟ್ಟಿಗೆಗಳು ವರ್ಷಗಟ್ಟಲೆ ಓಡಿದ್ದು ಬಳಕೆದಾರರ ಬಳಗದಿಂದ. ನಿಮ್ಮ ಮಾಡೆಲ್ ಕೆಟ್ಟರೆ ಇಲ್ಲೇ ಪಿ.ಬಿ. ರೋಡಿನಲ್ಲಿ ರಿಪೇರಿ ಆಗುತ್ತೋ, ದಾವಣಗೆರೆಗೋ ಹುಬ್ಬಳ್ಳಿಗೋ ಬಸ್ ಹತ್ತಬೇಕೋ ತಿಳ್ಕೊಳ್ರಿ. ಹಾಸ್ಟೆಲಿನಲ್ಲಿ ನಾಲ್ಕು ಜನರ ಹತ್ತಿರ ಇರೋ ಮಾಡೆಲ್ಲಿಗೆ ಚಾರ್ಜರೂ ಸಿಗುತ್ತೆ, ಬುದ್ಧಿಮಾತೂ ಸಿಗುತ್ತೆ.

ನಾಲ್ಕು, ಮುಂದಿನ ಮಾಡೆಲ್ಲಿಗೆ ಕಾಯೋದು. ಹೊಸದು ಯಾವಾಗಲೂ ಬರ್ತಾನೇ ಇರುತ್ತೆ. ಹೊಸದು ಬಂದಾಗ ಹಳೆಯದರ ಬೆಲೆ ಇಳಿಯೋದೂ ನಿಜ, ಕೊಳ್ಳೋರಿಗೆ ಅದು ಲಾಭವೇ. ಆದರೆ ಲ್ಯಾಬ್ ರೆಕಾರ್ಡು, ಪ್ರಾಜೆಕ್ಟು ಕಾಯೋದಿಲ್ಲ. ಕೆಲಸ ಇವತ್ತಿದ್ದರೆ ಇವತ್ತಿನ ಯಂತ್ರ, ಇಲ್ಲದಿದ್ದರೆ ದುಡ್ಡು ಮನೆಯಲ್ಲೇ ಇರಲಿ.

ಆಡಂ ಆಸ್ಬೋರ್ನ್ ಹೆಸರನ್ನ ಜಗತ್ತು ಒಂದು ಸೋಲಿಗೆ ಅಂಟಿಸಿಬಿಟ್ಟಿದೆ. ಅದು ಪೂರ್ತಿ ನ್ಯಾಯವಲ್ಲ ಅನ್ನೋದು ನಮ್ಮ ಅಭಿಪ್ರಾಯ. ಕಂಪ್ಯೂಟರ್ ಅಂದ್ರೆ ದೊಡ್ಡೋರ ಆಫೀಸಿನ ಸಾಮಾನು ಅನ್ನುತ್ತಿದ್ದ ಕಾಲದಲ್ಲಿ, ಎಲ್ಲ ಸೇರಿಸಿ ಒಂದೇ ಬೆಲೆಗೆ ಒಯ್ಯಿರಿ ಅಂತ ಕೊಟ್ಟವನು ಆತ. ನಮ್ಮ ಬ್ಯಾಗಿನಲ್ಲಿರೋ ಒಂದೂವರೆ ಕೆಜಿಯ ಯಂತ್ರದ ಹಿಂದೆ ಆ 11 ಕೆಜಿಯ ಪೆಟ್ಟಿಗೆಯೂ ಇದೆ.