ಬಟ್ಟೆ ಅಂಗಡಿಯಿಂದ ಬಂದ ಗುರು

ಕಾನೂನು ಕಲಿಸುವವನು ಅದಕ್ಕೆ ಮೊದಲು ಏನಾಗಿರಬೇಕು? ಈ ಪ್ರಶ್ನೆಯನ್ನು ನೀವು ಯಾರಿಗೆ ಕೇಳಿದರೂ, ದೊಡ್ಡ ಪದವಿ ಪಡೆದಿರಬೇಕು, ಕೆಲವು ವರ್ಷ ವಕೀಲಿ ಮಾಡಿರಬೇಕು ಅಥವಾ ನ್ಯಾಯಾಧೀಶನಾಗಿ ಅನುಭವ ಗಳಿಸಿರಬೇಕು ಎಂಬ ಉತ್ತರ ಬಂದೀತು. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರು ಅನುಸರಿಸುವ ಕರ್ಮಶಾಸ್ತ್ರಕ್ಕೆ ತಳಹದಿ ಹಾಕಿದ ಗುರುವಿನ ಬಳಿ ಇವಾವುವೂ ಇರಲಿಲ್ಲ. ಅವರೊಬ್ಬ ಬಟ್ಟೆ ವ್ಯಾಪಾರಿ. ನ್ಯಾಯಾಧೀಶರ ಹುದ್ದೆ ಅವರನ್ನು ಹುಡುಕಿಕೊಂಡು ಬಂತು, ಅದೂ ಎರಡು ಬಾರಿ. ಎರಡು ಬಾರಿಯೂ ಅವರು ಅದನ್ನು ನಿರಾಕರಿಸಿದರು. ಒಮ್ಮೆ ಅದಕ್ಕಾಗಿ ಚಾಟಿಯೇಟು ತಿಂದರು, ಇನ್ನೊಮ್ಮೆ ಸೆರೆಮನೆ ಸೇರಿದರು.

ಅವರೇ ಇಮಾಮ್ ಅಬೂ ಹನೀಫಾ(ರ). ನಿಜ ಹೆಸರು ನುಅ್‌ಮಾನ್ ಬಿನ್ ಸಾಬಿತ್. ಹಿ. 80ರಲ್ಲಿ, ಅಂದರೆ ಕ್ರಿ.ಶ. 699ರಲ್ಲಿ, ಇರಾಕಿನ ಕೂಫಾ ನಗರದಲ್ಲಿ ಜನಿಸಿದರು. ಅವರ ಮನೆತನ ಅರಬ್ ಮೂಲದ್ದಲ್ಲ. ಅಜ್ಜ ಕಾಬೂಲಿನ ಕಡೆಯವರೆಂದು ಚರಿತ್ರೆಕಾರರು ಬರೆಯುತ್ತಾರೆ. ಮನೆಯ ಕಸುಬು ಖಝ್ಝ್ ಎಂಬ ಬಟ್ಟೆಯ ವ್ಯಾಪಾರ. ರೇಷ್ಮೆ ಮತ್ತು ಉಣ್ಣೆ ಬೆರೆಸಿ ನೇಯುತ್ತಿದ್ದ ಬೆಲೆಬಾಳುವ ಬಟ್ಟೆ ಅದು. ಹುಡುಗ ನುಅ್‌ಮಾನ್ ಅಂಗಡಿಯಲ್ಲಿ ಕುಳಿತು, ಪೇಟೆ ಸುತ್ತಿ, ಗಿರಾಕಿಗಳ ಜೊತೆ ಮಾತನಾಡಿ ಬೆಳೆದರು.

ಕೂಫಾ ಸಾಮಾನ್ಯ ಊರಾಗಿರಲಿಲ್ಲ. ಹ. ಉಮರ್(ರ)ರ ಕಾಲದಲ್ಲಿ ಕಟ್ಟಲಾದ ನಗರವದು. ಅಲ್ಲಿನ ಜನರಿಗೆ ಧರ್ಮ ಕಲಿಸಲು ಅವರು ಪ್ರವಾದಿ(ಸ)ರ ಆಪ್ತ ಸಂಗಾತಿ ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ)ರನ್ನೇ ಕಳುಹಿಸಿದ್ದರು. ಹ. ಅಲಿ(ರ)ರ ರಾಜಧಾನಿಯೂ ಅದೇ ಆಗಿತ್ತು. ಅಲ್ಲಿನ ಮಸೀದಿಗಳ ಮೂಲೆ ಮೂಲೆಯಲ್ಲಿ ಪಾಠ ನಡೆಯುತ್ತಿತ್ತು. ಆದರೂ ತರುಣ ನುಅ್‌ಮಾನರ ಕಾಲು ಪೇಟೆಯ ಕಡೆಗೇ ಎಳೆಯುತ್ತಿತ್ತು. ಒಂದು ದಿನ ಹೀಗೆ ಪೇಟೆಗೆ ಹೊರಟಿದ್ದಾಗ ಊರಿನ ಹಿರಿಯ ವಿದ್ವಾಂಸ ಶಅ್‌ಬೀ(ರ) ಅವರನ್ನು ಕರೆದು, ಯಾರ ಬಳಿ ಕಲಿಯುತ್ತಿದ್ದೀಯೆಂದು ವಿಚಾರಿಸಿದರಂತೆ. ಯಾರ ಬಳಿಯೂ ಇಲ್ಲವೆಂದು ತಿಳಿದಾಗ, ಈ ಚುರುಕು ಬುದ್ಧಿಯನ್ನು ವಿದ್ಯೆಗೆ ತೊಡಗಿಸು ಎಂದು ಬುದ್ಧಿ ಹೇಳಿದರು. ದಾರಿಯಲ್ಲಿ ಆಡಿದ ಆ ನಾಲ್ಕು ಮಾತು ಯುವಕನ ಮನಸ್ಸಿಗೆ ನಾಟಿತು.

ಮೊದಮೊದಲು ಅವರನ್ನು ಸೆಳೆದದ್ದು ವಿಶ್ವಾಸದ ವಿಷಯಗಳಲ್ಲಿ ನಡೆಯುತ್ತಿದ್ದ ವಾದ ವಿವಾದ. ಅದರಲ್ಲಿ ಬೇಗ ಹೆಸರು ಬಂತು. ಆಗ ನಡೆದ ಒಂದು ಘಟನೆಯನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಒಬ್ಬ ಹೆಂಗಸು ಬಂದು ತಲಾಕಿನ ಸರಿಯಾದ ಕ್ರಮ ಯಾವುದೆಂದು ಕೇಳಿದಳು. ದೊಡ್ಡ ದೊಡ್ಡ ವಾದ ಗೆದ್ದವರಿಗೆ ಒಂದು ಮನೆಯ ಬದುಕಿಗೆ ಸಂಬಂಧಿಸಿದ ಈ ಚಿಕ್ಕ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಹತ್ತಿರದಲ್ಲೇ ಪಾಠ ಮಾಡುತ್ತಿದ್ದ ಹಮ್ಮಾದ್ ಬಿನ್ ಅಬೀ ಸುಲೈಮಾನ್(ರ)ರ ಬಳಿ ಕೇಳಿ, ಅವರ ಉತ್ತರವನ್ನು ತನಗೂ ತಿಳಿಸಬೇಕೆಂದು ಆಕೆಯನ್ನು ಕೇಳಿಕೊಂಡರು. ಉತ್ತರ ಬಂದ ಮೇಲೆ ತಾವೇ ಎದ್ದು ಹೋಗಿ ಹಮ್ಮಾದರ ಪಾಠದಲ್ಲಿ ಕುಳಿತರು. ಹಾಗೆ ಕುಳಿತವರು ಏಳಲಿಲ್ಲ. ಹದಿನೆಂಟು ವರ್ಷ, ಗುರುಗಳು ಹಿ. 120ರಲ್ಲಿ ನಿಧನರಾಗುವವರೆಗೆ, ಅವರ ಶಿಷ್ಯರಾಗಿಯೇ ಉಳಿದರು. ನಂತರ ಆ ಪೀಠ ಅವರಿಗೆ ಬಂತು. ಆಗ ಅವರ ವಯಸ್ಸು ನಲವತ್ತು.

ನೀವು ಗಮನಿಸಬೇಕಾದ ವಿಷಯ ಇಲ್ಲಿದೆ. ಗುರುವಾದ ಮೇಲೆ ಅವರು ಅಂಗಡಿಯ ಬಾಗಿಲು ಮುಚ್ಚಲಿಲ್ಲ. ಪಾಲುದಾರರನ್ನಿಟ್ಟುಕೊಂಡು ವ್ಯಾಪಾರ ಮುಂದುವರಿಸಿದರು. ಒಂದು ಕಡೆ ಮಸೀದಿಯ ಪಾಠ, ಇನ್ನೊಂದು ಕಡೆ ಅಂಗಡಿಯ ಲೆಕ್ಕ. ಪಾಠದಲ್ಲಿ ಹೇಳಿದ್ದು ಅಂಗಡಿಯಲ್ಲಿ ಪರೀಕ್ಷೆಗೆ ಒಳಗಾಗುತ್ತಿತ್ತು.

ಒಬ್ಬ ಮಹಿಳೆ ರೇಷ್ಮೆ ಬಟ್ಟೆಯೊಂದನ್ನು ಮಾರಲು ತಂದು ನೂರು ದಿರ್ಹಮ್ ಕೇಳಿದಳು. ಇದರ ಬೆಲೆ ಅದಕ್ಕಿಂತ ಹೆಚ್ಚು ಎಂದರು ಇಮಾಮರು. ಆಕೆ ನೂರು ನೂರಾಗಿ ಏರಿಸುತ್ತಾ ನಾನೂರಕ್ಕೆ ಬಂದಳು. ಇನ್ನೂ ಹೆಚ್ಚು ಎಂದಾಗ, ತನ್ನನ್ನು ಗೇಲಿ ಮಾಡುತ್ತಿದ್ದಾರೆಂದು ಭಾವಿಸಿದಳು. ಬೆಲೆ ತಿಳಿದವರೊಬ್ಬರನ್ನು ಕರೆತರುವಂತೆ ಇಮಾಮರು ಹೇಳಿದರು. ಕೊನೆಗೆ ಐನೂರು ಕೊಟ್ಟು ಆ ಬಟ್ಟೆ ಕೊಂಡರು. ಮಾರುವವರ ಅಜ್ಞಾನ ಕೊಳ್ಳುವವನ ಲಾಭವಾಗಬಾರದೆಂಬುದು ಅವರ ನಿಲುವು.

ಇನ್ನೊಮ್ಮೆ ಪಾಲುದಾರ ಹಫ್ಸ್ ಬಿನ್ ಅಬ್ದುರ್ರಹ್ಮಾನ್‌ಗೆ ಸರಕು ಕಳುಹಿಸಿದಾಗ, ಒಂದು ಬಟ್ಟೆಯಲ್ಲಿ ದೋಷವಿದೆ, ಮಾರುವಾಗ ಅದನ್ನು ತೋರಿಸಿಯೇ ಮಾರಬೇಕು ಎಂದು ತಿಳಿಸಿದ್ದರು. ಹಫ್ಸ್ ಮರೆತುಬಿಟ್ಟರು. ಕೊಂಡವನು ಯಾರೆಂಬುದೂ ನೆನಪಿರಲಿಲ್ಲ. ವಿಷಯ ತಿಳಿದಾಗ ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರು. ಒಂದು ಬಟ್ಟೆಯ ದೋಷಕ್ಕೆ ಇಷ್ಟೊಂದು ಹಣವೇ ಎಂದು ನಮಗನಿಸಬಹುದು. ಆದರೆ ಯಾವ ದಿರ್ಹಮ್ ಹಲಾಲ್, ಯಾವುದು ಸಂಶಯದ್ದು ಎಂದು ಬೇರ್ಪಡಿಸಲು ಸಾಧ್ಯವಿಲ್ಲದಾಗ, ಮನೆಯ ಅನ್ನಕ್ಕೆ ಅದನ್ನು ಬೆರೆಸಲು ಅವರ ಮನಸ್ಸು ಒಪ್ಪಲಿಲ್ಲ.

ಈ ಅಂಗಡಿ ಅವರ ಕರ್ಮಶಾಸ್ತ್ರದೊಳಗೂ ಬಂತು. ನೋಡದೆ ಕೊಂಡ ವಸ್ತುವನ್ನು ನೋಡಿದ ಮೇಲೆ ಬೇಡವೆನ್ನುವ ಹಕ್ಕು ಕೊಂಡವನಿಗೆ ಹನಫೀ ಶಾಸ್ತ್ರದಲ್ಲಿದೆ. ಮುಚ್ಚಿಟ್ಟ ದೋಷ ಕಂಡುಬಂದರೆ ಸರಕನ್ನು ಹಿಂದಿರುಗಿಸಬಹುದು. ಅಸಲು ಬೆಲೆ ಇಷ್ಟು, ಲಾಭ ಇಷ್ಟು ಎಂದು ಹೇಳಿ ಮಾರುವ ವ್ಯಾಪಾರದಲ್ಲಿ ಅಸಲನ್ನೇ ಸುಳ್ಳು ಹೇಳಿದ್ದರೆ ಆ ವ್ಯಾಪಾರವನ್ನು ಮುರಿಯಬಹುದು. ಬಟ್ಟೆಯ ಮಡಿಕೆಯೊಳಗೆ ಏನೇನು ಅಡಗಿಸಬಹುದೆಂದು ಬಲ್ಲವರಿಗೆ ಇಂತಹ ನಿಯಮಗಳ ಅಗತ್ಯವನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅವರ ಪಾಠದ ಕ್ರಮವೂ ವಿಶಿಷ್ಟವಾಗಿತ್ತು. ಒಂದು ಸಮಸ್ಯೆಯನ್ನು ಶಿಷ್ಯರ ಮುಂದಿಡುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಹೇಳಬೇಕು, ಗುರುವನ್ನು ವಿರೋಧಿಸಲೂ ಅವಕಾಶವಿತ್ತು. ದಿನಗಟ್ಟಲೆ ಚರ್ಚೆ ನಡೆದ ಮೇಲೆ ತೀರ್ಮಾನವನ್ನು ಬರೆದಿಡುತ್ತಿದ್ದರು. ಶಿಷ್ಯರಲ್ಲಿ ಅಬೂ ಯೂಸುಫ್ ಎಂಬ ಬಡ ಹುಡುಗನಿದ್ದ. ದುಡಿಮೆಗೆ ಹೋಗೆಂದು ಮನೆಯವರು ಅವನನ್ನು ಪಾಠದಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು. ಕಾರಣ ತಿಳಿದ ಇಮಾಮರು ಅವನ ಕೈಗೆ ಹಣದ ಚೀಲ ಕೊಟ್ಟು, ಖರ್ಚಾದಾಗ ತಿಳಿಸುವಂತೆ ಹೇಳಿದರು. ಹೇಳಬೇಕಾದ ಸಂದರ್ಭವೇ ಬರಲಿಲ್ಲ. ಮುಗಿಯುವ ಮೊದಲೇ ಇನ್ನೊಂದು ಚೀಲ ಬರುತ್ತಿತ್ತು. ಹೀಗೆ ಅಂಗಡಿಯ ಲಾಭ ಗುರುವಿನ ಮನೆಯನ್ನು ಮಾತ್ರವಲ್ಲ, ಗುರುಕುಲವನ್ನೂ ಸಾಕಿತು. ಆಡಳಿತಗಾರರ ಮುಂದೆ ಕೈಚಾಚುವ ಸ್ಥಿತಿ ಅವರಿಗೂ ಬರಲಿಲ್ಲ, ಅವರ ಶಿಷ್ಯರಿಗೂ ಬರಲಿಲ್ಲ.

ಆ ಸ್ವಾವಲಂಬನೆಯ ಬೆಲೆ ಏನೆಂಬುದು ಸಂಕಷ್ಟದ ದಿನಗಳಲ್ಲಿ ತಿಳಿಯಿತು. ಕೂಫಾದ ಖಾಝಿ ಇಬ್ನ್ ಅಬೀ ಲೈಲಾ ಕೊಟ್ಟ ಒಂದು ತೀರ್ಪಿನಲ್ಲಿ ತಪ್ಪುಗಳಿವೆಯೆಂದು ಇಮಾಮರು ತೋರಿಸಿದ್ದಕ್ಕೆ ದೂರು ಹೋಗಿ, ಫತ್ವಾ ಕೊಡದಂತೆ ಅವರಿಗೆ ನಿರ್ಬಂಧ ಬಂತು. ಆ ದಿನಗಳಲ್ಲಿ ಮನೆಯಲ್ಲಿ ಮಗಳು ಒಂದು ಮಸ್‌ಅಲೆ ಕೇಳಿದಾಗಲೂ, ಅಣ್ಣ ಹಮ್ಮಾದನನ್ನು ಕೇಳು ಎಂದು ಸುಮ್ಮನಾದರಂತೆ. ಯಾರೂ ನೋಡದ ಮನೆಯೊಳಗೂ ನಿಯಮ ಪಾಲಿಸಿದ ಈ ಮನುಷ್ಯ ದಂಗೆಕೋರರಾಗಿರಲಿಲ್ಲ. ಅವರ ತಕರಾರು ಒಂದೇ: ತನ್ನ ತೀರ್ಪು ಇನ್ನೊಬ್ಬರ ಸೊತ್ತಾಗಬಾರದು.

ಉಮವೀ ಆಡಳಿತದ ಕೊನೆಯ ವರ್ಷಗಳಲ್ಲಿ ಇರಾಕಿನ ರಾಜ್ಯಪಾಲ ಇಬ್ನ್ ಹುಬೈರಾ ಅವರಿಗೆ ಹುದ್ದೆ ನೀಡಬಯಸಿದ. ಅಲುಗಾಡುತ್ತಿದ್ದ ಆಡಳಿತಕ್ಕೆ ವಿದ್ವಾಂಸರ ಮುದ್ರೆ ಬೇಕಾಗಿತ್ತು. ಇಮಾಮರು ಒಪ್ಪಲಿಲ್ಲ. ದಿನಕ್ಕೆ ಹತ್ತರಂತೆ 110 ಚಾಟಿಯೇಟು ಹೊಡೆಸಿದನೆಂದು ವರದಿಗಳಿವೆ. ಬಿಡುಗಡೆಯಾದ ಮೇಲೆ ಅವರು ಮಕ್ಕಾಕ್ಕೆ ಹೋಗಿ, ಅಬ್ಬಾಸೀ ಆಡಳಿತ ಬಂದ ಮೇಲೆ ಕೂಫಾಕ್ಕೆ ಮರಳಿದರು.

ಆಡಳಿತ ಬದಲಾಯಿತು, ಬೇಡಿಕೆ ಬದಲಾಗಲಿಲ್ಲ. ಹೊಸ ರಾಜಧಾನಿ ಬಗ್ದಾದನ್ನು ಕಟ್ಟಿಸಿದ ಖಲೀಫ ಮನ್ಸೂರ್ ಅವರನ್ನು ಕರೆಸಿ ಖಾಝಿಯಾಗಲು ಆಜ್ಞಾಪಿಸಿದ. ತಾನು ಆ ಹುದ್ದೆಗೆ ಯೋಗ್ಯನಲ್ಲವೆಂದರು ಇಮಾಮರು. ಅದು ಸುಳ್ಳೆಂದು ಖಲೀಫ ಗುಡುಗಿದ. ಹಾಗಾದರೆ ತೀರ್ಮಾನ ನಿಮ್ಮಿಂದಲೇ ಆಯಿತು, ಸುಳ್ಳು ಹೇಳುವವನು ಖಾಝಿಯಾಗಲು ಹೇಗೆ ಯೋಗ್ಯನಾದಾನು ಎಂದು ಅವರು ಶಾಂತವಾಗಿ ಕೇಳಿದರಂತೆ. ಅವರಿಗೆ ಏನಾದರೂ ಕೆಲಸ ಕೊಟ್ಟೇ ತೀರುವೆನೆಂದು ಖಲೀಫ ಆಣೆ ಹಾಕಿದ್ದನೆಂದೂ, ಅದಕ್ಕಾಗಿ ಬಗ್ದಾದಿನ ಇಟ್ಟಿಗೆ ಎಣಿಸುವ ಕೆಲಸ ವಹಿಸಿದನೆಂದೂ ತಬರಿಯ ಚರಿತ್ರೆಯಲ್ಲಿದೆ. ಇಮಾಮರು ಒಂದೊಂದೇ ಇಟ್ಟಿಗೆ ಎಣಿಸದೆ, ಜೊಂಡಿನ ಕೋಲಿನಿಂದ ರಾಶಿಯನ್ನೇ ಅಳೆದು ಲೆಕ್ಕ ಒಪ್ಪಿಸಿದರು. ಜೀವಮಾನವಿಡೀ ಬಟ್ಟೆ ಅಳೆದ ಕೈಯಲ್ಲವೇ!

ಕೊನೆಗೆ ಸೆರೆಮನೆಯೇ ಗತಿಯಾಯಿತು. ಹಿ. 150ರಲ್ಲಿ (ಕ್ರಿ.ಶ. 767) ಅವರು ಬಗ್ದಾದಿನಲ್ಲಿ ನಿಧನರಾದರು. ಸೆರೆಯಲ್ಲೇ ತೀರಿಕೊಂಡರೆಂದು ಹೆಚ್ಚಿನವರ ಅಭಿಪ್ರಾಯ. ಖೈಝುರಾನ್ ಕಬರಸ್ತಾನದಲ್ಲಿ ದಫನ ಮಾಡಲಾಯಿತು. ಬಗ್ದಾದಿನ ಆ ಭಾಗಕ್ಕೆ ಅಅ್‌ಝಮಿಯ್ಯಾ ಎಂಬ ಹೆಸರು ಬಂದಿರುವುದು ಅವರ ಇಮಾಮೆ ಅಅ್‌ಝಮ್ ಎಂಬ ಬಿರುದಿನಿಂದಲೇ.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಹುದ್ದೆ ವಹಿಸುವುದೇ ತಪ್ಪೇ? ಅಲ್ಲ. ಅದೇ ಬಡ ಹುಡುಗ ಅಬೂ ಯೂಸುಫ್(ರ) ಮುಂದೆ ಹಾರೂನ್ ರಶೀದನ ಕಾಲದಲ್ಲಿ ಸಾಮ್ರಾಜ್ಯದ ಪ್ರಧಾನ ಖಾಝಿಯಾದರು. ಕಿತಾಬುಲ್ ಖರಾಜ್ ಬರೆದು, ರೈತರ ಮೇಲಿನ ತೆರಿಗೆಯಲ್ಲಿ ಅನ್ಯಾಯವಾಗಬಾರದೆಂದು ಖಲೀಫನನ್ನೇ ಎಚ್ಚರಿಸಿದರು. ಜನರಿಗೆ ನ್ಯಾಯ ಕೊಡಲು ಯಾರಾದರೂ ಆ ಪೀಠದಲ್ಲಿ ಕೂರಲೇಬೇಕು. ಆದರೆ ಬೇಡವೆನ್ನಲು ಸಾಧ್ಯವಿರುವವನು ಕುಳಿತಾಗ ಮಾತ್ರ ಆ ಪೀಠಕ್ಕೆ ಗೌರವ. ಗುರು ಕಲಿಸಿದ ಕೊನೆಯ ಪಾಠ ಅದು.

ಕರ್ಮಶಾಸ್ತ್ರದ ಅನೇಕ ಗುರುಗಳ ಹೆಸರಿನಲ್ಲೇ ಅವರ ಕಸುಬು ಅಂಟಿಕೊಂಡಿದೆಯೆಂಬುದು ನಿಮಗೆ ಗೊತ್ತೇ? ವಕ್ಫ್ ಕಾನೂನಿನ ಬಗ್ಗೆ ಪ್ರಸಿದ್ಧ ಗ್ರಂಥ ಬರೆದ ಖಸ್ಸಾಫ್ ಎಂದರೆ ಚಪ್ಪಲಿ ಹೊಲಿಯುವವರು. ಜಸ್ಸಾಸ್ ಎಂದರೆ ಗೋಡೆಗೆ ಗಾರೆ ಹಚ್ಚುವವರು. ಶಾಫಿಈ ವಿದ್ವಾಂಸ ಕಫ್ಫಾಲ್ ಮರ್ವಝೀ ಬೀಗ ಮಾಡುವವರಾಗಿದ್ದು, ಮೂವತ್ತರ ವಯಸ್ಸಿನಲ್ಲಿ ವಿದ್ಯೆಗೆ ಇಳಿದವರು. ಈ ಹೆಸರುಗಳನ್ನು ಮುಚ್ಚಿಡಬೇಕೆಂದು ಯಾರಿಗೂ ಅನಿಸಲಿಲ್ಲ. ಪುಸ್ತಕದ ಮುಖಪುಟದಲ್ಲಿ ಅವು ಇಂದಿಗೂ ಇವೆ.

ನಮ್ಮ ನಾಡಿನಲ್ಲಿ ಬೆಂಗಳೂರು, ಮೈಸೂರು, ಕಲಬುರ್ಗಿಯ ಕಡೆ ಹೆಚ್ಚಿನ ಮುಸ್ಲಿಮರು ಹನಫೀಗಳು; ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈಗಳು. ಇಮಾಮ್ ಶಾಫಿಈ(ರ) ಹುಟ್ಟಿದ್ದು ಅಬೂ ಹನೀಫಾ(ರ) ತೀರಿಕೊಂಡ ವರ್ಷದಲ್ಲೇ. ಅವರು ಅಬೂ ಹನೀಫಾರ ಶಿಷ್ಯ ಇಮಾಮ್ ಮುಹಮ್ಮದ್(ರ)ರ ಬಳಿ ಕಲಿತವರು. ಆದ್ದರಿಂದ ಕೂಫಾದ ಆ ಅಂಗಡಿಯ ಋಣ ನಮ್ಮೆಲ್ಲರ ಮೇಲೂ ಇದೆ.

ಆ ಋಣ ತೀರಿಸಲು ದೊಡ್ಡ ಕೆಲಸವೇನೂ ಬೇಕಾಗಿಲ್ಲ. ನಿಮ್ಮದು ಅಂಗಡಿಯಾದರೆ, ನಾಳೆ ಬೆಳಿಗ್ಗೆ ಗಿರಾಕಿಗೆ ಕಾಣದ ದೋಷವನ್ನು ನೀವೇ ತೋರಿಸಿ. ಓದಿನಲ್ಲಿ ಚುರುಕಾದ ಬಡ ಹುಡುಗ ನೆರೆಯಲ್ಲಿದ್ದರೆ, ಅವನು ಕೇಳುವ ಮೊದಲೇ ಅವನ ಫೀಸು ಕಟ್ಟಿ. ಅಪ್ಪನ ಕಸುಬನ್ನು ಹೇಳಲು ನಾಚುವ ಮಗ ಮನೆಯಲ್ಲಿದ್ದರೆ, ರಾತ್ರಿ ಊಟದ ಹೊತ್ತಿನಲ್ಲಿ ಅವನಿಗೆ ಈ ಬಟ್ಟೆ ವ್ಯಾಪಾರಿಯ ಕಥೆ ಹೇಳಿ. ಹಲಾಲ್ ಅನ್ನ ಉಂಡು ಬೆಳೆದ ನಾಲಿಗೆಗೆ ಸತ್ಯ ಹೇಳುವ ಧೈರ್ಯ ಬರುತ್ತದೆ. ಅಲ್ಲಾಹನು ನಮಗೆಲ್ಲರಿಗೂ ಅಂತಹ ಸಂಪಾದನೆಯನ್ನೂ ಅಂತಹ ಧೈರ್ಯವನ್ನೂ ಕರುಣಿಸಲಿ, ಆಮೀನ್.