ಹಡಗಿನ ಆಳುಗಳ ದಿನಕರ ದೇಸಾಯಿ

ರಜತ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಹೇಳಿದಾಗ ನಮಗೆ ಮೊದಲು ಅಂಜಿಕೆಯೇ ಆಯಿತು. ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕಿಳಿದವರು ನಾವು. ಸಂಘದ ನಡಾವಳಿ ಪುಸ್ತಕ ಬಿಟ್ಟರೆ ಬೇರೆ ಬರೆದ ರೂಢಿಯಿಲ್ಲ. ಆದರೂ ನಮ್ಮ ಜಿಲ್ಲೆಯ ದಿನಕರ ದೇಸಾಯಿಯವರ ಬಗ್ಗೆ ನಾಲ್ಕು ಮಾತು ಬರೆಯೋಣವೆನಿಸಿತು. ಚುಟುಕು ಬರೆದವರೆಂದು ಶಾಲೆಗೆ ಹೋದವರೆಲ್ಲ ಅವರನ್ನು ಬಲ್ಲರು. ಆದರೆ ಅವರ ಆಯುಷ್ಯದ ಬಹುಭಾಗ ಸವೆದದ್ದು ಮುಂಬಯಿ ಬಂದರಿನಲ್ಲಿ, ಹಡಗಿನಲ್ಲಿ ದುಡಿಯುವವರ ಪಗಾರದ ತಕರಾರಿನಲ್ಲಿ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ನಮ್ಮ ಮಾಗೋಡಿನಲ್ಲಿ ಧುಮುಕುವ ಬೇಡ್ತಿ ಹೊಳೆ ಘಟ್ಟದ ಕೆಳಗೆ ಗಂಗಾವಳಿಯಾಗಿ ಅಂಕೋಲೆಯ ಕಡೆ ಸಮುದ್ರ ಸೇರುತ್ತದೆ. ದೇಸಾಯಿಯವರು ಹುಟ್ಟಿದ್ದು ಆ ಅಂಕೋಲೆ ತಾಲೂಕಿನಲ್ಲಿ, 1909ರ ಸೆಪ್ಟೆಂಬರ್ 10ರಂದು. ತಂದೆ ಶಾಲಾ ಮಾಸ್ತರರು. ಎಂ.ಎ., ಎಲ್.ಎಲ್.ಬಿ. ಮಾಡಿದವರು. ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಿದ್ದರೆ ಸುಖವಾಗಿ ಇರಬಹುದಿತ್ತು. ಹಾಗೆ ಮಾಡದೆ ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜ ಸೇರಿದರು. ಅಲ್ಲಿಂದ ಹಡಗಿನವರ ಕೆಲಸಕ್ಕೆ ಬಿದ್ದರು.

ಆಗಿನ ಹಡಗಿನ ಸ್ಥಿತಿ ಹೇಳಲೇಬೇಕು. ಬ್ರಿಟಿಷ್ ಕಂಪನಿಗಳ ಹಡಗುಗಳಲ್ಲಿ ಗೋವೆ, ರತ್ನಾಗಿರಿ, ಪಂಜಾಬ, ಬಂಗಾಲದ ಸಾವಿರಾರು ಜನ ದುಡಿಯುತ್ತಿದ್ದರು. ಅವರಿಗೆ ಲಸ್ಕರರೆಂದು ಹೆಸರು. ಅದೇ ಹಡಗು, ಅದೇ ಬಾಯ್ಲರಿನ ಬೆಂಕಿ, ಆದರೆ ಇವರ ಪಗಾರ ಬಿಳಿ ನಾವಿಕನ ಪಗಾರದ ಕಾಲು ಪಾಲೂ ಇರಲಿಲ್ಲ. ಮಲಗುವ ಜಾಗಕ್ಕೂ ಕಾಯ್ದೆಯಲ್ಲೇ ಭೇದ: ಬ್ರಿಟಿಷ್ ನಾವಿಕನಿಗೆ 120 ಘನ ಅಡಿ, ನಮ್ಮವನಿಗೆ 36. ನಾವು ಕೂತು ಲೆಕ್ಕ ಹಾಕಿ ನೋಡಿದೆವು. ಆರಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ, ಅಷ್ಟೇ! ಅಡಿಕೆ ಚೀಲ ಒಟ್ಟುವಾಗಲೂ ನಾವು ಇದಕ್ಕಿಂತ ಹೆಚ್ಚು ಜಾಗ ಬಿಡುತ್ತೇವೆ. ಅದರ ಮೇಲೆ, ಕೆಲಸ ಸಿಗಬೇಕಾದರೆ ಸೆರಾಂಗನಿಗೆ (ನಮ್ಮಲ್ಲಿಯ ಮೇಸ್ತ್ರಿ ಇದ್ದ ಹಾಗೆ) ಲಂಚ ಕೊಡಬೇಕು. ಲಂಚಕ್ಕೆ ಸಾಲ, ಸಾಲಕ್ಕೆ ಬಡ್ಡಿ. ಹಡಗು ಹತ್ತುವ ಮೊದಲೇ ಪಗಾರ ಮುಗಿದಿರುತ್ತಿತ್ತು. 1939ರಲ್ಲಿ ಯುದ್ಧ ಶುರುವಾದಾಗ ಇವರು ಇಂಗ್ಲೆಂಡಿನ ಬಂದರುಗಳಲ್ಲೇ ಕೆಲಸ ನಿಲ್ಲಿಸಿದರು, ಕೆಲವರು ಜೈಲಿಗೂ ಹೋದರು. ಪಗಾರ ಏರಿತು, ಸಮ ಮಾತ್ರ ಆಗಲಿಲ್ಲ. ಆ ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು ಆರು ಸಾವಿರಕ್ಕೂ ಹೆಚ್ಚು.

ದೇಸಾಯಿಯವರು ಈ ಜನರ ಸಂಘಟನೆಗೆ ನಿಂತರು. ಬರೇ ಭಾಷಣ ಮಾಡುವವರಲ್ಲ ಅವರು. ಹಡಗು ಕಾರ್ಮಿಕರ ಪಗಾರ, ಭರ್ತಿ, ವಸತಿ ಎಲ್ಲವನ್ನೂ ಅಭ್ಯಾಸ ಮಾಡಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಭೆಗಳಿಗೆ ಹೋಗಿ ಇವರ ಪರ ಮಾತಾಡಿದರು. ಹಡಗಿನ ಅಧಿಕಾರಿಗಳ ಮ್ಯಾರಿಟೈಮ್ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿಯೂ ಆಗಿದ್ದರು.

ಊರನ್ನೂ ಮರೆಯಲಿಲ್ಲ. ಅಂಕೋಲೆ ಕಡೆ ಗೇಣಿ ರೈತರನ್ನು ಕೂಡಿಸಿ ಹೆಚ್ಚಿನ ಗೇಣಿ ಬೇಡ, ಬಿಟ್ಟಿ ಚಾಕರಿ ಬೇಡ ಎಂದು ಚಳವಳಿ ಹೂಡಿದರು. ಅದಕ್ಕಾಗಿ 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಸುಮಾರು ಐದು ವರ್ಷ ಹುಟ್ಟಿದೂರಿಗೆ ಕಾಲಿಡುವ ಹಾಗಿರಲಿಲ್ಲ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳಿಗೆ ಹೈಸ್ಕೂಲು ತೆರೆದರು. 'ಜನಸೇವಕ' ಪತ್ರಿಕೆ ನಡೆಸಿದರು. 1967ರಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಆರಿಸಿ ಬಂದರು. 1982ರ ನವೆಂಬರ್ 6ರಂದು ತೀರಿಕೊಂಡರು.

ನಮ್ಮ ಅಜ್ಜ ಗೇಣಿದಾರ. ಅಂಗಳದಲ್ಲಿ ಭತ್ತ ಅಳೆದುಕೊಟ್ಟು, ಖಾಲಿ ಚೀಲ ಮಡಚಿ ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರಂತೆ. 1974ರ ಕಾಯ್ದೆ ಬಂದ ಮೇಲೆ ಜಾಗ ನಮ್ಮದಾಯಿತು. ಹೀಗಿದ್ದ ನಾವೇ ತೋಟಕ್ಕೆ ಗೊಬ್ಬರ ಹೊರಿಸುವಾಗ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಕೊಡುತ್ತ ಬಂದಿದ್ದೆವು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದ್ದು. ಬುಟ್ಟಿ ಒಂದೇ ಅಳತೆಯದು, ದಾರಿಯೂ ಅದೇ. ಈ ಲೇಖನಕ್ಕೆಂದು ಹಡಗಿನ ಆ ಘನ ಅಡಿಯ ಲೆಕ್ಕ ಬರೆಯುತ್ತ ಕೂತಾಗ, ಮನೆಯವಳು ಚಹಾ ತಂದಿಟ್ಟು, ನಮ್ಮ ಕೂಲಿ ಪುಸ್ತಕದ ಲೆಕ್ಕ ಯಾವಾಗ ಬರೆಯುತ್ತೀರಿ ಎಂದು ಕೇಳಿಬಿಟ್ಟಳು. ಉತ್ತರ ಹೊಳೆಯಲಿಲ್ಲ.

ಈ ಮಳೆಗಾಲ ಕಳೆದ ಮೇಲೆ ಇಬ್ಬರಿಗೂ ಒಂದೇ ಕೂಲಿ ಕೊಟ್ಟೆವು. ದರ ಕೆಡಿಸಿದಿರಿ ಎಂದು ಪಕ್ಕದ ತೋಟದ ಭಾವ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.