ತಂಗಿಯ ಸಾವಿನಿಂದ ಹುಟ್ಟಿದ ಆಸ್ಪತ್ರೆ

ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ನಿಮ್ಮ ಊಟ. ಎಲ್ಲರ ಕಾಯಿಲೆ ವಾಸಿಯಾದ ಮೇಲೆ ನಿಮ್ಮ ಕಾಯಿಲೆ. ಹೌದು ತಾನೇ? ಸ್ನಾನ ಮಾಡುವಾಗ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿದರೂ, ನೋವೇನಿಲ್ಲವಲ್ಲ, ಮಗಳ ಪರೀಕ್ಷೆ ಮುಗೀಲಿ, ಹಬ್ಬ ಕಳೀಲಿ ಅಂತ ಮುಂದೂಡುವವರೇ ನಾವು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು... ನಮ್ಮ ಕಡೆ ಯಾವ ಊರಿಗೆ ಹೋದರೂ ಇದೇ ಮಾತು. ಗಂಡನಿಗೆ ಹೇಳೋಕೂ ಸಂಕೋಚ, ಡಾಕ್ಟರಿಗೆ ತೋರಿಸೋಕೂ ಸಂಕೋಚ.

ಅದಕ್ಕೇ ಇವತ್ತು ನಿಮಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಬದುಕಿನ ಕಥೆ ಹೇಳುತ್ತೇನೆ. ಕಾಯಿಲೆ ತಡವಾಗಿ ಗೊತ್ತಾದರೆ ಏನಾಗುತ್ತದೆ ಎಂಬುದನ್ನು ಅವರು ತಮ್ಮ ಮನೆಯಲ್ಲೇ ಕಂಡವರು.

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ತಮಿಳುನಾಡಿನ ಪುದುಕೋಟೆಯಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಹುಡುಗಿ ದೊಡ್ಡವಳಾದಳೆಂದರೆ ಶಾಲೆ ಬಿಡಿಸುವ ಕಾಲ ಅದು. ತಂದೆ ಮನೆಯಲ್ಲೇ ಪಾಠ ಮಾಡಿಸಿ ಮಗಳನ್ನು ಮೆಟ್ರಿಕ್ ಪಾಸು ಮಾಡಿಸಿದರು. ಮುಂದೆ ಗಂಡುಹುಡುಗರ ಕಾಲೇಜಿಗೆ ಸೇರಿಸಲು ಹೋದಾಗ ಆಕ್ಷೇಪಗಳು ಬಂದವು. ಕೊನೆಗೆ ಪುದುಕೋಟೆಯ ರಾಜರೇ ಒಪ್ಪಿಗೆ ಕೊಟ್ಟರು. 1907ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದ ಈ ಹುಡುಗಿ 1912ರಲ್ಲಿ ಡಾಕ್ಟರ್ ಆಗಿ ಹೊರಬಂದಳು!

1914ರಲ್ಲಿ ಡಾ. ಸುಂದರ ರೆಡ್ಡಿ ಅವರೊಡನೆ ಮದುವೆ. ತನ್ನನ್ನು ಸರಿಸಮಾನಳಾಗಿ ಕಾಣಬೇಕು, ತನ್ನ ಕೆಲಸಕ್ಕೆ ಅಡ್ಡಿ ಬರಬಾರದು ಎಂದು ಮೊದಲೇ ಮಾತಾಡಿಕೊಂಡು ಆದ ಮದುವೆ ಅದು. ಇಬ್ಬರು ಗಂಡುಮಕ್ಕಳು, ಮನೆ, ರೋಗಿಗಳು ಅಂತ ಬದುಕು ಸಾಗಿತ್ತು.

ಅಷ್ಟರಲ್ಲಿ ತಂಗಿಗೆ ಕಾಯಿಲೆ. ಮೊದಲು ಅದನ್ನು ಆಮಶಂಕೆ ಎಂದೇ ತಿಳಿದು ಔಷಧಿ ಕೊಟ್ಟರು. ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು. 1923ರಲ್ಲಿ ತಂಗಿ ತೀರಿಕೊಂಡಳು. ಅಕ್ಕ ಸ್ವತಃ ಡಾಕ್ಟರ್, ಭಾವ ಡಾಕ್ಟರ್. ಆದರೂ ಉಳಿಸಿಕೊಳ್ಳಲು ಆಗಲಿಲ್ಲ. ಆ ಅಕ್ಕನ ಸಂಕಟ ಹೇಗಿದ್ದೀತು, ನೀವೇ ಊಹಿಸಿ.

ಅವರು ಅಳುತ್ತಾ ಕೂರಲಿಲ್ಲ. 1925ರಲ್ಲಿ ಹೆಚ್ಚಿನ ಓದಿಗೆ ಲಂಡನ್ನಿಗೆ ಹೋದಾಗ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯನ್ನು ಕಂಡರು. ಬೇಗ ಪತ್ತೆಯಾದರೆ ಈ ಕಾಯಿಲೆಗೂ ಚಿಕಿತ್ಸೆ ಇದೆ ಎಂಬುದು ಅವರ ಮನಸ್ಸಿನಲ್ಲಿ ನಾಟಿತು. ಊರಿಗೆ ಮರಳಿದ ಮೇಲೆ ಮದ್ರಾಸ್ ಶಾಸನಸಭೆಯ ಮೊದಲ ಮಹಿಳಾ ಸದಸ್ಯೆಯಾದರು, ಉಪಾಧ್ಯಕ್ಷೆಯೂ ಆದರು. ನಮ್ಮ ಮಂಗಳೂರು, ಬಳ್ಳಾರಿ ಕೂಡ ಆಗ ಮದ್ರಾಸಿಗೇ ಸೇರಿದ್ದವು. ಬಾಲ್ಯವಿವಾಹ, ದೇವದಾಸಿ ಪದ್ಧತಿಗಳ ವಿರುದ್ಧ ಹೋರಾಡಿದರು. ಅನಾಥ ಹೆಣ್ಣುಮಕ್ಕಳಿಗಾಗಿ ಅವ್ವೈ ಹೋಂ ತೆರೆದರು. ಇಷ್ಟರ ನಡುವೆಯೂ ತಂಗಿಯನ್ನು ಮರೆಯಲಿಲ್ಲ.

ಕ್ಯಾನ್ಸರ್ ಬಂದವರು ಹೇಗೂ ಉಳಿಯುವುದಿಲ್ಲ, ಅವರಿಗೇಕೆ ಬೇರೆ ಆಸ್ಪತ್ರೆ ಎನ್ನುವವರೇ ಆಗ ಹೆಚ್ಚು. ಮಹಿಳಾ ಸಂಘದ ಗೆಳತಿಯರನ್ನು ಕಟ್ಟಿಕೊಂಡು ಮುತ್ತುಲಕ್ಷ್ಮಿ ಹಣ ಕೂಡಿಸಿದರು. 1952ರಲ್ಲಿ ಪ್ರಧಾನಿ ನೆಹರೂ ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು ಅಡ್ಯಾರಿನಲ್ಲಿ ಬರೀ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ಶುರುವಾಯಿತು. ಆಗ ಅವರಿಗೆ 67 ವರ್ಷ! ಮಗ ಡಾ. ಕೃಷ್ಣಮೂರ್ತಿ ಅಲ್ಲೇ ದುಡಿದರು. ಮರುವರ್ಷ ಬಂದು ಸೇರಿದ ಯುವ ವೈದ್ಯೆ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಆ ಆಸ್ಪತ್ರೆಯನ್ನೇ ಮನೆ ಮಾಡಿಕೊಂಡಿದ್ದರು. 1956ರಲ್ಲಿ ಪದ್ಮಭೂಷಣ ಪಡೆದ ಮುತ್ತುಲಕ್ಷ್ಮಿ 1968ರ ಜುಲೈ 22ರಂದು ಕಣ್ಮುಚ್ಚಿದರು.

ಆ ತಂಗಿಗೆ ಸಿಗದ್ದು ನಮಗೆ ಸಿಕ್ಕಿದೆ

ಏನದು? ಕಾಯಿಲೆಯನ್ನು ಬೇಗ ಹಿಡಿಯುವ ಪರೀಕ್ಷೆಗಳು. ಅವುಗಳ ಬಗ್ಗೆ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಮ್ಯಾಮೋಗ್ರಾಂ ಎಂದರೆ ಸ್ತನದ ಎಕ್ಸ್-ರೇ. ಸ್ತನವನ್ನು ಎರಡು ತಟ್ಟೆಗಳ ನಡುವೆ ಕೆಲವು ಸೆಕೆಂಡು ಒತ್ತಿ ಹಿಡಿಯುತ್ತಾರೆ. ಸ್ವಲ್ಪ ನೋವಾಗಬಹುದು, ಆದರೆ ಬೇಗ ಮುಗಿಯುತ್ತದೆ. ವಿಕಿರಣದ ಪ್ರಮಾಣ ತೀರಾ ಕಡಿಮೆ. ಮುಟ್ಟು ಮುಗಿದ ಮರುವಾರ ಹೋದರೆ ನೋವೂ ಕಡಿಮೆ. ಆ ದಿನ ಪೌಡರ್, ಸೆಂಟು ಹಚ್ಚಬೇಡಿ, ಅವು ಚಿತ್ರದಲ್ಲಿ ಚುಕ್ಕೆಗಳಂತೆ ಕಾಣಬಹುದು. ಹಳೆಯ ಫಿಲಂ ಇದ್ದರೆ ಒಯ್ಯಿರಿ. ಬಸುರಿಯಾಗಿದ್ದರೆ ಮೊದಲೇ ಹೇಳಿ. ವಯಸ್ಸು ಚಿಕ್ಕದಿದ್ದರೆ ಸಾಮಾನ್ಯವಾಗಿ ಸ್ಕ್ಯಾನಿಂಗ್, ಅಂದರೆ ಬಸುರಿಯರಿಗೆ ಮಾಡುವಂಥದ್ದನ್ನೇ ಮೊದಲು ಮಾಡುತ್ತಾರೆ. ಕೆಲವರಿಗೆ ಎರಡೂ ಬೇಕಾಗುತ್ತವೆ. ಮತ್ತೊಮ್ಮೆ ಚಿತ್ರ ತೆಗೆಯಬೇಕು ಎಂದು ಕರೆದರೆ ಕ್ಯಾನ್ಸರೇ ಎಂದು ತಿಳಿದು ಗಾಬರಿಯಾಗಬೇಡಿ.

ಚಿತ್ರದಲ್ಲಿ ಅನುಮಾನ ಕಂಡರೆ ಬಯಾಪ್ಸಿ. ಈ ಹೆಸರು ಕೇಳಿದರೇ ನಮ್ಮ ಎದೆ ಝಲ್ ಎನ್ನುತ್ತದೆ! ನಿಜಕ್ಕೂ ಅದು ಗಂಟಿನ ಚೂರು ತೆಗೆದು ನೋಡುವುದು, ಅಷ್ಟೇ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿಯಿಂದ ತೆಗೆಯುತ್ತಾರೆ. ಟಕ್ ಎಂಬ ಶಬ್ದ ಬಂದರೆ ಬೆಚ್ಚಬೇಡಿ, ಅದು ಸೂಜಿಯದ್ದು. ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು. ಒಂದೆರಡು ದಿನ ಕೊಡಪಾನ ಎತ್ತುವುದು, ಒನಕೆ ಹಿಡಿಯುವುದು ಬೇಡ. ಸ್ವಲ್ಪ ಕಂದುಗಟ್ಟುವುದು ಸಹಜ. ಆದರೆ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಕೀವಾದರೆ ಕೂಡಲೇ ಡಾಕ್ಟರನ್ನು ಕಾಣಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಸೂಜಿ ಚುಚ್ಚಿದರೆ ಗಂಟು ಹರಡುತ್ತದೆ ಎಂದು ನೆರೆಮನೆಯವರು ಹೇಳುತ್ತಾರೆ ಅಲ್ಲವೇ? ಆ ಭಯಕ್ಕೆ ಪರೀಕ್ಷೆ ಬಿಡಬೇಡಿ. ಬಯಾಪ್ಸಿ ಮಾಡಿಸದೇ ಗಂಟು ಎಂಥದ್ದೆಂದು ಖಚಿತವಾಗುವುದಿಲ್ಲ, ಸರಿಯಾದ ಚಿಕಿತ್ಸೆಯೂ ಆಗುವುದಿಲ್ಲ. ಪರೀಕ್ಷೆ ಮಾಡಿದ ಗಂಟುಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲವೆಂದೇ ತಿಳಿದುಬರುತ್ತದೆ. ವರದಿ ಬರಲು ಕೆಲವು ದಿನ ಬೇಕು. ಅದನ್ನು ಕೈಯಲ್ಲಿ ಹಿಡಿದು ಡಾಕ್ಟರ ಎದುರಿಗೇ ಕುಳಿತು ಅರ್ಥ ಕೇಳಿ. ಮುಂದೇನು, ಯಾವಾಗ ಬರಬೇಕು ಎಂದೂ ಕೇಳಿ. ಸ್ಲೈಡ್, ಫಿಲಂ, ವರದಿ ಎಲ್ಲವನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಡಿ.

ಎಲ್ಲಿಗೆ ಹೋಗೋದು ಅಂತೀರಾ? 30 ದಾಟಿದ ಹೆಣ್ಣುಮಕ್ಕಳ ಸ್ತನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ ಉಂಟು. ಆಶಾ ಕಾರ್ಯಕರ್ತೆಯನ್ನು ಕೇಳಿ. ಗಂಟು, ಚರ್ಮ ಒಳಗೆ ಎಳೆದುಕೊಂಡಿರುವುದು, ತೊಟ್ಟಿನಿಂದ ರಕ್ತ... ಯಾವುದು ಕಂಡರೂ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಅವರು ಕಳಿಸಿದರೆ ಹುಬ್ಬಳ್ಳಿ ದೂರವೇನಲ್ಲ. ನಾವು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಹೋಗುವಾಗ ಪಡಿತರ ಚೀಟಿ, ಆಧಾರ್ ಮರೆಯಬೇಡಿ, ಖರ್ಚಿಗೆ ಸರ್ಕಾರದ ನೆರವು ಸಿಗುತ್ತದೆಯೇ ಎಂದು ಅಲ್ಲೇ ವಿಚಾರಿಸಿ. ಜೊತೆಗೆ ಅಕ್ಕನನ್ನೋ ಓರಗಿತ್ತಿಯನ್ನೋ ಕರೆದುಕೊಂಡು ಹೋಗಿ.

ಮುತ್ತುಲಕ್ಷ್ಮಿಯವರಿಗೆ ತಂಗಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ನಿಮ್ಮ ತಂಗಿ ಎದೆಯ ಗಂಟನ್ನು ಮುಚ್ಚಿಟ್ಟುಕೊಂಡಿಲ್ಲ ತಾನೇ? ಇವತ್ತು ಸಂಜೆ ಒಂದು ಫೋನ್ ಮಾಡಿ ಕೇಳಿ. ಹಾಗೆಯೇ ನಿಮ್ಮನ್ನೂ ಒಮ್ಮೆ ಕೇಳಿಕೊಳ್ಳಿ.